ತಿಪ್ಪೆಯ ನೀರು ಎಲ್ಲಿಗೆ ಹೋಗುತ್ತದೆ?

ನಲ್ಲೂರು ಎಂದರೆ ನಮ್ಮ ದೇವನಹಳ್ಳಿ ಸೀಮೆಯಲ್ಲಿ ಎಲ್ಲರಿಗೂ ಹುಣಸೆ ತೋಪು ನೆನಪಾಗುತ್ತದೆ. 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ದೂರದಿಂದ ಜನ ನೋಡಲು ಬರುತ್ತಾರೆ. ಈ ವಾರ ನಾನು ಬರೆಯುವುದು ಯಾರೂ ನೋಡಲು ಬರದ ವಸ್ತುವಿನ ಬಗ್ಗೆ: ತಿಪ್ಪೆ.

ಮೂಗು ಮುಚ್ಚಿಕೊಳ್ಳಬೇಡಿ ಮಕ್ಕಳೇ! ನಿಮ್ಮ ಅಜ್ಜನ ಕಾಲದಲ್ಲಿ ಮನೆಗೆ ಎರಡೋ ಮೂರೋ ನಾಟಿ ಹಸು, ಒಂದು ಜೊತೆ ಎತ್ತು. ಕೊಟ್ಟಿಗೆಯ ನೆಲ ಮಣ್ಣಿನದು. ದನ ತಿಂದು ಬಿಟ್ಟ ಹುಲ್ಲು, ತರಗೆಲೆ, ಒಲೆಯ ಬೂದಿ ಎಲ್ಲ ಸೇರಿ ಗಂಜಲವನ್ನು ಹೀರಿಕೊಳ್ಳುತ್ತಿತ್ತು. ಅಜ್ಜಿ ಬೆಳಿಗ್ಗೆ ಅದನ್ನು ಮಂಕರಿಗೆ ತುಂಬಿ ತಿಪ್ಪೆಗೆ ಹಾಕುತ್ತಿದ್ದರು. ಮುಂಗಾರಿಗೆ ಮೊದಲೇ ಗೊಬ್ಬರ ಗಾಡಿಯೇರಿ ರಾಗಿ ಹೊಲ ಸೇರುತ್ತಿತ್ತು.

ಈಗ ಸೀಮೆಹಸುಗಳ ಕಾಲ. ಡೇರಿಗೆ ಹಾಲು ಹಾಕಿ ಮಕ್ಕಳ ಫೀಸು ಕಟ್ಟುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಹಸು ಬೇಡ ಎಂದು ನಾನು ಹೇಳುವವನಲ್ಲ. ಲೆಕ್ಕ ಮಾತ್ರ ಹಾಕೋಣ. ಒಂದು ಹಸು ದಿನಕ್ಕೆ 15 ಕೆ.ಜಿ. ಸಗಣಿ ಹಾಕುತ್ತದೆ ಎಂದಿಟ್ಟುಕೊಳ್ಳಿ. 200 ಹಸುಗಳ ಊರಿನಲ್ಲಿ ದಿನಕ್ಕೆ 3 ಟನ್ ಆಯಿತು. ಗಂಜಲ ಬೇರೆ. ಕೊಟ್ಟಿಗೆಯ ನೆಲ ಸಿಮೆಂಟಿನದು, ತೊಳೆಯಲು ಪೈಪಿನ ನೀರು. ತೊಳೆದದ್ದು ಚರಂಡಿಗೆ, ಚರಂಡಿಯಿಂದ ಕಾಲುವೆಗೆ, ಕಾಲುವೆಯಿಂದ ಕೆರೆಗೆ. ರಾಗಿಗೆ ಸೇರಬೇಕಾದ ಸಾರ ಪಾಚಿಗೆ ಸೇರುತ್ತದೆ. ಪಾಚಿ ಸತ್ತು ಕೊಳೆತಾಗ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ. ಇಲಿ ಜ್ವರವೂ ಇದೆ. ಹೆಸರಿಗೆ ಇಲಿಯದು, ಸೋಂಕಿರುವ ದನದ ಗಂಜಲದಿಂದಲೂ ಅದು ಬರುತ್ತದೆ. ಕಾಲಲ್ಲಿ ಗಾಯವಿರುವಾಗ ಅಂಥ ನೀರಿಗೆ ಇಳಿಯಬೇಡಿ.

ಸಗಣಿ ನೀರು ಕುಡಿಯುವ ನೀರಿಗೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾ ದೇಶದ ವಾಕರ್ಟನ್ ಸಾಕ್ಷಿ. ಸುಮಾರು 5,000 ಜನರ ಪುಟ್ಟ ಊರು. 2000ನೇ ಇಸವಿಯ ಮೇ ತಿಂಗಳಲ್ಲಿ ಅಲ್ಲಿ ಜೋರು ಮಳೆ ಸುರಿಯಿತು. ಪಕ್ಕದ ಜಮೀನಿನ ದನದ ಗೊಬ್ಬರದಲ್ಲಿದ್ದ ಇ. ಕೋಲಿ ಎಂಬ ರೋಗಾಣು ಊರಿಗೆ ನೀರು ಕೊಡುವ, ಹೆಚ್ಚು ಆಳವಿಲ್ಲದ ಬಾವಿಗೆ ಇಳಿಯಿತು. 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 7 ಮಂದಿ ತೀರಿಕೊಂಡರು. ತನಿಖೆ ನಡೆದಾಗ ರೈತನದು ತಪ್ಪಿಲ್ಲ ಎಂದಾಯಿತು. ನೀರಿಗೆ ಕ್ಲೋರಿನ್ ಸರಿಯಾಗಿ ಬೆರೆಸದೆ, ಬೆರೆಸಿದಂತೆ ಪುಸ್ತಕದಲ್ಲಿ ಸುಳ್ಳು ಅಂಕಿ ಬರೆದಿದ್ದರು ಅಲ್ಲಿನ ನೌಕರರು. ಬ್ಯಾಂಕಿನಲ್ಲಿ ಲೆಡ್ಜರು ಬರೆದೇ ಮುದುಕನಾದ ನನಗೆ ಅದನ್ನು ಓದಿ ಹೊಟ್ಟೆ ಉರಿಯಿತು.

"ನಾವು ಕಾಯಿಸಿ ಆರಿಸಿಯೇ ಕುಡಿಯುವುದು" ಎಂದು ಅಜ್ಜಿಯರು ಹೇಳುತ್ತೀರಿ. ಕಾಯಿಸಿದರೆ ರೋಗಾಣು ಸಾಯುತ್ತದೆ, ಖಂಡಿತ ಕಾಯಿಸಿ. ಆದರೆ ಸಗಣಿ ಗಂಜಲದ ಸಾರ ಮಣ್ಣಿನಲ್ಲಿ ನೈಟ್ರೇಟ್ ಎಂಬ ಲವಣವಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ಹೊಲಕ್ಕೆ ಹೆಚ್ಚಾಗಿ ಸುರಿದ ಯೂರಿಯಾದಿಂದಲೂ, ಕಕ್ಕಸುಗುಂಡಿಯಿಂದಲೂ ಅದು ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೆ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪಾಲು ಏರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂದು ನಮ್ಮ ದೇಶದ ನಿಯಮ. ಅಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಆರು ತಿಂಗಳೊಳಗಿನ ಕೂಸಿಗೆ ಕುಡಿಸಿದರೆ ರಕ್ತ ಆಮ್ಲಜನಕ ಹೊರಲಾರದೆ ತುಟಿ, ಉಗುರು ನೀಲಿಗಟ್ಟಬಹುದು. ಪ್ರಾಣಕ್ಕೇ ಕುತ್ತಾಗಬಹುದು. ಮನೆಗೆ ಬಾಣಂತಿ ಬಂದಿದ್ದರೆ, ಕೊಟ್ಟಿಗೆಯ ಪಕ್ಕದ ಬೋರ್‌ವೆಲ್ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸದೆ ಕೂಸಿನ ಹಾಲಿಗೆ ಬಳಸಬೇಡಿ. ಜಲ ಜೀವನ್ ಮಿಷನ್ ಯೋಜನೆಯಲ್ಲಿ ಊರಿನ ಹೆಣ್ಣುಮಕ್ಕಳಿಗೇ ನೀರು ಪರೀಕ್ಷಿಸುವ ಕಿಟ್ ಕೊಟ್ಟು ತರಬೇತಿ ನೀಡುತ್ತಾರೆ. ಪಂಚಾಯಿತಿಯಲ್ಲಿ ಕೇಳಿ, ಸಂಕೋಚ ಬೇಡ.

ತಿಪ್ಪೆಗೆ ದೊಡ್ಡ ಖರ್ಚೇನೂ ಬೇಕಿಲ್ಲ. ಬಾವಿ, ಬೋರ್‌ವೆಲ್, ಕಾಲುವೆಗಳಿಂದ ದೂರ, ನೀರು ಹರಿದು ಬರದ ಜಾಗ. ಸುತ್ತ ಮೊಳಕಾಲೆತ್ತರದ ಮಣ್ಣಿನ ಬದು. ಮಳೆಗಾಲದಲ್ಲಿ ಮೇಲೊಂದು ಟಾರ್ಪಾಲು. ಕೊಟ್ಟಿಗೆಯಲ್ಲಿ ಮೊದಲು ಸಗಣಿ ಬಾಚಿ, ಆಮೇಲೆ ನೀರು ಹಾಕಿದರೆ ತೊಳೆಯುವ ನೀರೂ ಉಳಿಯುತ್ತದೆ. ಗೋಬರ್ ಗ್ಯಾಸ್ ಇರುವವರಿಗೆ ಸಗಣಿಯೇ ಸಾಲದು!

ಮಕ್ಕಳೇ, ಮುಂದಿನ ಮಳೆ ನಿಂತ ಮೇಲೆ ತಾತನ ಜೊತೆ ಹೊರಗೆ ಹೋಗಿ. ನಿಮ್ಮ ತಿಪ್ಪೆಯಿಂದ ಹೊರಟ ಕಂದು ನೀರು ಎಲ್ಲಿಯವರೆಗೆ ಹೋಗಿದೆ ನೋಡಿ, ದಾರಿಯ ನಕ್ಷೆ ಬರೆದು ನನಗೆ ಕಳಿಸಿ.