ಹೊಂದಿಸುವ ಫಲಕ: ಕೈಚಳಕವೋ, ಶಾಸ್ತ್ರವೋ?

ನೇಗಿಲಿಗೆ ಎರಡು ಎತ್ತುಗಳನ್ನು ಹೂಡುವ ಬೇಸಾಯಗಾರನು ಯಂತ್ರಶಾಸ್ತ್ರದ ಒಂದು ಸೂಕ್ಷ್ಮ ಸಮಸ್ಯೆಯನ್ನು ಬಿಡಿಸುತ್ತಾನೆ. ಎತ್ತುಗಳೆರಡೂ ಸಮಬಲವುಳ್ಳವಾದರೆ ಈಸನ್ನು ನೊಗದ ನಟ್ಟನಡುವೆ ಬಿಗಿಯುತ್ತಾನೆ. ಒಂದು ಎತ್ತು ಬಡಕಲಾಗಿದ್ದರೆ ಕಟ್ಟನ್ನು ಬಲವಾದ ಎತ್ತಿನ ಕಡೆಗೆ ಕೊಂಚ ಸರಿಸುತ್ತಾನೆ. ಆಗ ಬಡ ಎತ್ತಿನ ಪಾಲಿಗೆ ನೊಗದ ಉದ್ದವಾದ ತೋಳು ಬರುತ್ತದೆ, ಹೊರೆ ಹಗುರವಾಗುತ್ತದೆ. ಸನ್ನೆಯ ನಿಯಮವನ್ನು ಪುಸ್ತಕದಲ್ಲಿ ಓದದವನೂ ಅದನ್ನು ನೊಗದ ಮೇಲೆ ಬಲ್ಲನು. ಅಮೃತಮಹಲ್ ರಾಸುಗಳ ತಳಿ ಸಂವರ್ಧನ ಕೇಂದ್ರವಿರುವ ಅಜ್ಜಂಪುರದ ಸೀಮೆಯಲ್ಲಿ ಈ ಮಾತನ್ನು ವಿವರಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಹೈದರಾಲಿ, ಟಿಪ್ಪುಗಳ ಸೈನ್ಯದ ಫಿರಂಗಿಗಳನ್ನು ಎಳೆದ ತಳಿ ಅದು.

ಇಂದು ಎತ್ತಿನ ಸ್ಥಾನದಲ್ಲಿ ಎಂಜಿನ್ನು ನಿಂತಿದೆ. ಆದರೆ ನೊಗದ ಸಮಸ್ಯೆ ಹಾಗೆಯೇ ಉಳಿದಿದೆ. ಒಂದು ಕಾರ್ಖಾನೆಯ ಎಂಜಿನ್ನನ್ನು ಇನ್ನೊಂದು ಕಾರ್ಖಾನೆಯ ಗೇರ್ ಪೆಟ್ಟಿಗೆಗೆ ಜೋಡಿಸಬೇಕಾದಾಗ ಇದರ ಬೋಲ್ಟಿನ ರಂಧ್ರಗಳು ಅದಕ್ಕೆ ಕೂಡುವುದಿಲ್ಲ. ಆಗ ನಡುವೆ ಒಂದು ಲೋಹದ ಫಲಕವನ್ನು ಇಡುತ್ತಾರೆ. ಅದರಲ್ಲಿ ಎಂಜಿನ್ನಿಗೆ ಸರಿಹೋಗುವ ಒಂದು ಸಾಲು ರಂಧ್ರ, ಗೇರ್ ಪೆಟ್ಟಿಗೆಗೆ ಸರಿಹೋಗುವ ಮತ್ತೊಂದು ಸಾಲು ರಂಧ್ರ ಇರುತ್ತವೆ. ಗ್ಯಾರೇಜುಗಳಲ್ಲಿ ಇದನ್ನು ಅಡಾಪ್ಟರ್ ಪ್ಲೇಟು ಎನ್ನುತ್ತಾರೆ. ಪೆಟ್ರೋಲಿನಿಂದ ಓಡುತ್ತಿದ್ದ ಹಳೆಯ ಜೀಪುಗಳಿಗೆ ಡೀಸೆಲ್ ಎಂಜಿನ್ನು ಕೂರಿಸುವಾಗ ನಮ್ಮ ನಾಡಿನ ಅನೇಕ ಗ್ಯಾರೇಜುಗಳು ಇಂಥ ಕೆಲಸವನ್ನು ಮಾಡಿವೆ. ಈ ಫಲಕವನ್ನು ಕುರಿತು ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ‘ಇದು ಹಳ್ಳಿಯವರ ಹೇಗೋ ಹೊಂದಿಸುವ ಬುದ್ಧಿ, ಶಾಸ್ತ್ರವಲ್ಲ’ ಎಂಬುದು ಒಂದು. ‘ನಮ್ಮ ಮೇಸ್ತ್ರಿಗಳ ಕಣ್ಣಳತೆಗೆ ಯಾವ ಶಾಸ್ತ್ರವೂ ಬೇಡ’ ಎಂಬುದು ಇನ್ನೊಂದು. ಮೊದಲನೆಯದು ತಾತ್ಸಾರ, ಎರಡನೆಯದು ಹೊಗಳಿಕೆ. ಇವೆರಡೂ ತಪ್ಪೆಂದೂ, ಎರಡರಿಂದಲೂ ಕೆಡುಕೇ ಆಗುತ್ತಿದೆಯೆಂದೂ ನಾವು ಭಾವಿಸುತ್ತೇವೆ.

ಮೊದಲು ಕೆಲಸದ ಸ್ವರೂಪವನ್ನು ನೋಡೋಣ. ಎಂಜಿನ್ನಿನ ಕ್ರ್ಯಾಂಕ್ ದಂಡದ ತುದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರವಿದೆ. ಅದಕ್ಕೆ ಅಂಟಿಕೊಂಡಂತೆ ಕ್ಲಚ್ಚು ಇದೆ. ಗೇರ್ ಪೆಟ್ಟಿಗೆಯಿಂದ ಮುಂದಕ್ಕೆ ಚಾಚಿದ ದಂಡವು ಕ್ಲಚ್ಚಿನ ತಟ್ಟೆಯ ಮೂಲಕ ಹಾಯ್ದು, ಫ್ಲೈವೀಲಿನ ನಡುವೆ ಇರುವ ಸಣ್ಣ ಬೇರಿಂಗಿನಲ್ಲಿ ತನ್ನ ಮೂತಿಯನ್ನು ಊರಿ ನಿಲ್ಲುತ್ತದೆ. ಈ ಎರಡು ದಂಡಗಳೂ ಒಂದೇ ಸರಳರೇಖೆಯಲ್ಲಿರಬೇಕು. ಅರ್ಥಾತ್, ಎರಡು ಬೇರೆ ಬೇರೆ ಕಾರ್ಖಾನೆಗಳಲ್ಲಿ ಹುಟ್ಟಿದ ಅಕ್ಷಗಳನ್ನು ಒಂದೇ ಅಕ್ಷವನ್ನಾಗಿ ಮಾಡುವುದೇ ಫಲಕದ ನಿಜವಾದ ಕಾರ್ಯ. ಬೋಲ್ಟುಗಳನ್ನು ಕೂಡಿಸುವುದು ಅದರ ಸುಲಭವಾದ ಭಾಗ ಮಾತ್ರ.

ಇಲ್ಲಿಯೇ ಕಣ್ಣು ಮೋಸಹೋಗುತ್ತದೆ. 10 ಮಿಲಿಮೀಟರ್ ದಪ್ಪದ ಬೋಲ್ಟು ಸಲೀಸಾಗಿ ಹಾಯಲೆಂದು 11 ಮಿಲಿಮೀಟರಿನ ರಂಧ್ರವನ್ನು ಕೊರೆಯುತ್ತಾರೆ ಎಂದಿಟ್ಟುಕೊಳ್ಳೋಣ. ಆಗ ಗೇರ್ ಪೆಟ್ಟಿಗೆಯು ನಡುವಿನಿಂದ ಯಾವ ಕಡೆಗಾದರೂ ಅರ್ಧ ಮಿಲಿಮೀಟರಿನಷ್ಟು ಸರಿದು ಕೂರಬಹುದು. ಬೋಲ್ಟುಗಳೆಲ್ಲ ಬಿಗಿಯಾಗುತ್ತವೆ, ಹೊರಗಿನಿಂದ ನೋಡಿದವರಿಗೆ ಜೋಡಣೆ ಸೊಗಸಾಗಿಯೇ ಕಾಣುತ್ತದೆ. ಅರ್ಧ ಮಿಲಿಮೀಟರ್ ಏನು ಮಹಾ ಎಂದು ಕೇಳಬಹುದು. ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗಿದರೆ, ಗಂಟೆಗೆ 1,20,000 ಸಲ ಆ ದಂಡವು ಒಮ್ಮೆ ಅತ್ತ, ಒಮ್ಮೆ ಇತ್ತ ಬಾಗಬೇಕಾಗುತ್ತದೆ. ಒಂದೇ ಸಲ ಬಾಗಿಸಿದರೆ ಮುರಿಯದ ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತ ಹೋದರೆ ಮುರಿಯುತ್ತದೆ ಎಂಬುದನ್ನು ಎಲ್ಲ ಹುಡುಗರೂ ಬಲ್ಲರು. ಕೈಯಲ್ಲಿನ ತಂತಿ ಕಣ್ಣಿಗೆ ಕಾಣುವಷ್ಟು ಬಾಗುತ್ತದೆ, ಹತ್ತಾರು ಸಲಕ್ಕೇ ಮುರಿಯುತ್ತದೆ. ಯಂತ್ರದ ದಂಡ ಕಾಣದಷ್ಟು ಬಾಗಿ, ಲಕ್ಷಾಂತರ ಸಲದ ಬಳಿಕ ಸೋಲುತ್ತದೆ. ಲೋಹದ ಈ ದಣಿವನ್ನು ಕ್ರಮವಾಗಿ ಪರೀಕ್ಷಿಸಿದವನು ಜರ್ಮನಿಯ ಆಗಸ್ಟ್ ವೋಲರ್. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲ್ವೆ ಗಾಡಿಗಳ ಅಚ್ಚುಗಳು ಮುರಿಯುತ್ತಿದ್ದುದೇ ಅವನನ್ನು ಆ ಪರೀಕ್ಷೆಗೆ ಹಚ್ಚಿತು.

ತಪ್ಪು ಜೋಡಣೆಯ ಲಕ್ಷಣಗಳು ಕ್ರಮವಾಗಿ ತೋರುತ್ತವೆ. ಸಣ್ಣ ಬೇರಿಂಗು ಕಿರುಚುತ್ತದೆ; ಕ್ಲಚ್ಚು ಪೂರ್ತಿ ಬಿಡುವುದಿಲ್ಲ; ಗೇರು ತಾನಾಗಿ ಜಾರುತ್ತದೆ; ಕೊನೆಗೆ ಕ್ಲಚ್ಚಿನ ತಟ್ಟೆಯ ನಡುಭಾಗ ಬಿರಿಯುತ್ತದೆ. ವೇಗವಾಗಿ ತಿರುಗುವ ಭಾಗವೊಂದು ಸಿಡಿದರೆ ಅದು ಹೊರಗವಚವನ್ನೂ ಭೇದಿಸಿ ಹೊರಬರಬಲ್ಲದು. ಗೇರ್ ಪೆಟ್ಟಿಗೆಯ ಪಕ್ಕದಲ್ಲಿಯೇ ಚಾಲಕನ ಕಾಲುಗಳಿರುತ್ತವೆ ಎಂಬುದನ್ನು ಮರೆಯಬಾರದು.

ಇದನ್ನು ತಪ್ಪಿಸುವ ಉಪಾಯವು ಕಷ್ಟವಾದುದೇನಲ್ಲ. ಬೋಲ್ಟು ಬಿಗಿಯುವುದಕ್ಕೆ, ಸ್ಥಾನ ನಿರ್ಣಯಿಸುವುದಕ್ಕಲ್ಲ. ಸ್ಥಾನವನ್ನು ನಿರ್ಣಯಿಸುವುದು ಡೋವೆಲ್ ಪಿನ್ನು. ಅದು ತನ್ನ ರಂಧ್ರದಲ್ಲಿ ಸಡಿಲವೇ ಇಲ್ಲದಂತೆ ಕೂರುವ ನುಣುಪಾದ ಉಕ್ಕಿನ ಗೂಟ. ಫಲಕಕ್ಕೆ ಎಂಜಿನ್ನಿನ ಕಡೆ ಎರಡು, ಗೇರ್ ಪೆಟ್ಟಿಗೆಯ ಕಡೆ ಎರಡು ಪಿನ್ನುಗಳಿದ್ದರೆ ಅದನ್ನು ಎಷ್ಟು ಸಲ ಬಿಚ್ಚಿ ಕೂಡಿಸಿದರೂ ಅದೇ ಸ್ಥಾನಕ್ಕೆ ಬರುತ್ತದೆ. ಪಿನ್ನು ಹಾಕುವ ಮುನ್ನ ಅಕ್ಷವನ್ನು ಪರೀಕ್ಷಿಸಬೇಕು. ಡಯಲ್ ಗೇಜನ್ನು ಫ್ಲೈವೀಲಿನ ಮೇಲೆ ನಿಲ್ಲಿಸಿ, ಅದರ ಮುಳ್ಳು ಗೇರ್ ಪೆಟ್ಟಿಗೆಯ ಹೊರಗವಚದ ದುಂಡುರಂಧ್ರದ ಒಳಮೈಯನ್ನು ಮುಟ್ಟುವಂತೆ ಮಾಡಿ, ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಬೇಕು. ಗೇಜಿನ ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಅಂಕಗಳ ವ್ಯತ್ಯಾಸವು ಕೇಂದ್ರಗಳ ಅಂತರದ ಎರಡರಷ್ಟಿರುತ್ತದೆ. ಈ ವ್ಯತ್ಯಾಸವು ಅಂಗುಲದ ಸಾವಿರದ ಐದು ಭಾಗ, ಎಂದರೆ ಸುಮಾರು 0.13 ಮಿಲಿಮೀಟರನ್ನು ಮೀರಬಾರದೆಂಬುದು ಬಲ್ಲವರು ಸಾಮಾನ್ಯವಾಗಿ ಪಾಲಿಸುವ ಮಿತಿ. ನಮ್ಮ ಅರ್ಧ ಮಿಲಿಮೀಟರಿನ ಜಾರಿಕೆಯಾದರೋ ಗೇಜಿನ ಮೇಲೆ ಪೂರ್ತಿ 1 ಮಿಲಿಮೀಟರನ್ನು ತೋರಿಸುತ್ತದೆ. ಅದು ಮಿತಿಯ ಸುಮಾರು ಎಂಟರಷ್ಟು!

ಫಲಕದ ದಪ್ಪವೂ ಅಷ್ಟೇ ಮುಖ್ಯ. 20 ಮಿಲಿಮೀಟರ್ ದಪ್ಪದ ಫಲಕವನ್ನು ನಡುವೆ ಇಟ್ಟರೆ ಗೇರ್ ಪೆಟ್ಟಿಗೆಯು ಅಷ್ಟೇ ಹಿಂದೆ ಸರಿಯುತ್ತದೆ. ಅದರ ದಂಡದ ಮೂತಿ ಬೇರಿಂಗನ್ನು ತಲುಪದೆ ಹೋಗಬಹುದು. ಆಗ ಬೇರಿಂಗನ್ನು ಮುಂದೆ ತರಲು ಲೇತಿನಲ್ಲಿ ಒಂದು ಬುಷ್ಷನ್ನು ಕಡೆಯಬೇಕಾಗುತ್ತದೆ. ಸ್ಟಾರ್ಟರ್ ಮೋಟಾರಿನ ಹಲ್ಲು ಫ್ಲೈವೀಲಿನ ಹಲ್ಲಿಗೆ ಸಿಗುವುದೇ ಎಂಬುದನ್ನು ನೋಡಬೇಕು. ಎಂಜಿನ್ನಿನ ತಿರುಚು ಬಲವನ್ನು ಆ ಗೇರುಗಳು ತಾಳಬಲ್ಲವೇ ಎಂಬುದನ್ನೂ ಲೆಕ್ಕ ಹಾಕಬೇಕು. ತೂಕದ ವಿಷಯವೂ ಉಂಟು. 400 ಮಿಲಿಮೀಟರ್ ಚೌಕದ, 20 ಮಿಲಿಮೀಟರ್ ದಪ್ಪದ ಹಲಗೆಯು ಉಕ್ಕಿನದಾದರೆ ಸುಮಾರು 25 ಕಿಲೋಗ್ರಾಂ, ಅಲ್ಯೂಮಿನಿಯಮಿನದಾದರೆ 9 ಕಿಲೋಗ್ರಾಮಿಗೂ ಕಡಿಮೆ ತೂಗುತ್ತದೆ. ಇವೆಲ್ಲ ಪ್ರೌಢಶಾಲೆಯ ಗಣಿತದಿಂದಲೇ ಬಗೆಹರಿಯತಕ್ಕ ಪ್ರಶ್ನೆಗಳು. ಇಷ್ಟು ರೇಖಾಗಣಿತ, ಇಷ್ಟು ಭೌತಶಾಸ್ತ್ರ ಒಂದೆಡೆ ಸೇರಿರುವ ಕೆಲಸವನ್ನು ‘ಶಾಸ್ತ್ರವಲ್ಲ’ ಎನ್ನುವವರು ಶಾಸ್ತ್ರವೆಂದರೇನೆಂಬುದನ್ನೇ ಅರಿಯರು.

ಹಾಗಾದರೆ ಎಲ್ಲ ಕಾರ್ಖಾನೆಗಳೂ ಒಂದೇ ಅಳತೆಯನ್ನು ಅನುಸರಿಸಬಾರದೇಕೆ? ಇದು ನ್ಯಾಯವಾದ ಪ್ರಶ್ನೆ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಸ್ಕ್ರೂಗಳ ಎಳೆಗೆ ಒಂದು ಸರ್ವಸಮಾನ ಮಾನವನ್ನು ಸೂಚಿಸಿದುದು ಈ ಉದ್ದೇಶದಿಂದಲೇ. ಡೀಸೆಲ್ ಎಂಜಿನ್ನುಗಳ ಹಿಂಗವಚಕ್ಕೂ ಅಮೆರಿಕದ ವಾಹನ ಎಂಜಿನಿಯರುಗಳ ಸಂಘವು ಗೊತ್ತುಪಡಿಸಿದ ಅಳತೆಗಳಿವೆ. ಅವುಗಳಲ್ಲಿ 3ನೆಯ ಸಂಖ್ಯೆಯ ಕವಚದ ಬೋಲ್ಟುವೃತ್ತದ ವ್ಯಾಸ 428.6 ಮಿಲಿಮೀಟರ್, 4ನೆಯದರದು 381 ಮಿಲಿಮೀಟರ್. ಈ ಮಾನವನ್ನು ಅನುಸರಿಸಿದ ಎಂಜಿನ್ನಿಗೆ ಫಲಕ ಮಾಡುವವನು ಊಹೆ ಮಾಡಬೇಕಾಗಿಲ್ಲ. ಆದರೆ ಕಾರು, ಜೀಪುಗಳನ್ನು ಮಾಡುವವರು ಬಹುಮಟ್ಟಿಗೆ ತಮ್ಮ ತಮ್ಮ ಅಳತೆಗಳನ್ನೇ ಹಿಡಿದರು. ಅಳತೆಯ ಒಡಕಿನ ಬೆಲೆಯೇನೆಂಬುದಕ್ಕೆ ಅಜ್ಜಂಪುರದ ರೈಲು ನಿಲ್ದಾಣವೇ ಸಾಕ್ಷಿ. ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೋಗುವ ಆ ಹಳಿಯು 1990ರ ದಶಕದವರೆಗೆ 1,000 ಮಿಲಿಮೀಟರಿನ ಮೀಟರ್ ಗೇಜಿನದಾಗಿತ್ತು. 1,676 ಮಿಲಿಮೀಟರಿನ ಬ್ರಾಡ್ ಗೇಜ್ ಹಳಿಯು ಅದನ್ನು ಸಂಧಿಸುವೆಡೆಯಲ್ಲಿ ಮೂಟೆಗಳನ್ನು ಒಂದು ಗಾಡಿಯಿಂದಿಳಿಸಿ ಇನ್ನೊಂದಕ್ಕೆ ಹೇರಬೇಕಾಗಿತ್ತು. ಆ ಎರಡು ಹಳಿಗಳ ನಡುವೆ ಯಾವ ಫಲಕವನ್ನೂ ಇಡಲಾಗಲಿಲ್ಲ. ಕೂಲಿಯ ಬೆನ್ನೇ ಫಲಕವಾಯಿತು.

ಸರ್ವಸಮಾನ ಮಾನ ಬರಲಿ; ಅದನ್ನು ನಾವೂ ಬಯಸುತ್ತೇವೆ. ಆದರೆ ಅದು ಬಂದ ಮೇಲೂ ಹಳೆಯ ಯಂತ್ರಗಳು ಉಳಿದೇ ಇರುತ್ತವೆ. ಈರುಳ್ಳಿ, ರಾಗಿ ಬೆಳೆಯುವ ಸಣ್ಣ ಹಿಡುವಳಿದಾರನಿಗೆ ಹೊಸ ಯಂತ್ರವನ್ನು ಕೊಳ್ಳುವುದು ಸುಲಭವಲ್ಲ. ಚೆನ್ನಾಗಿರುವ ಎಂಜಿನ್ನನ್ನು ಗೇರ್ ಪೆಟ್ಟಿಗೆ ಕೆಟ್ಟಿತೆಂದು ಗುಜರಿಗೆ ಹಾಕುವುದು ವಿವೇಕವೂ ಅಲ್ಲ. ಹಿಂದೆ ಎಂಜಿನ್ನಿನಿಂದ ಪಂಪಿಗೆ ಚರ್ಮದ ಅಥವಾ ಕ್ಯಾನ್ವಾಸಿನ ಬೆಲ್ಟಿನ ಮೂಲಕ ಶಕ್ತಿಯನ್ನು ಸಾಗಿಸುತ್ತಿದ್ದ ಕಾಲದಲ್ಲಿ ಸಣ್ಣಪುಟ್ಟ ವಕ್ರತೆಗಳನ್ನು ಬೆಲ್ಟು ನುಂಗಿಕೊಳ್ಳುತ್ತಿತ್ತು. ನೇರ ಜೋಡಣೆಯು ಏನನ್ನೂ ಕ್ಷಮಿಸದು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅಜ್ಜಂಪುರದ ಬಳಿಯ ಸುರಂಗಕ್ಕೆ ನೀರನ್ನೆತ್ತುವ ದೊಡ್ಡ ಪಂಪುಗಳಿಗೂ, ತೋಟದ ಬಾವಿಯ ಸಣ್ಣ ಪಂಪಿಗೂ ಈ ನಿಯಮ ಒಂದೇ.

ಇನ್ನು ಕಣ್ಣಳತೆಯ ಮಾತು. ಮೇಸ್ತ್ರಿಯ ಕೈಯ ಅನುಭವವನ್ನು ನಾವು ಗೌರವಿಸುತ್ತೇವೆ. ಉಗುರನ್ನು ಆಡಿಸಿಯೇ ಲೋಹದ ಮೈಯ ಸಣ್ಣ ಏರುಪೇರನ್ನು ಆತನು ಕಂಡುಹಿಡಿಯಬಲ್ಲನು. ಆದರೆ ಅಕ್ಷವೆಂಬುದು ಮೈಯುಳ್ಳ ವಸ್ತುವಲ್ಲ. ಅದೊಂದು ಕಲ್ಪಿತ ರೇಖೆ. ಅದನ್ನು ಮುಟ್ಟಲಾಗದು, ನೋಡಲಾಗದು, ಅಳೆಯಲು ಮಾತ್ರ ಬರುತ್ತದೆ. ಅಳತೆಯ ಉಪಕರಣವನ್ನು ಕೊಡದೆ ಕಣ್ಣಳತೆಯನ್ನು ಕೊಂಡಾಡುವುದು ಆ ಕುಶಲನಿಗೆ ಮಾಡುವ ಅನ್ಯಾಯ. ಜೋಡಣೆ ಮುರಿದಾಗ ದೂರು ಬರುವುದು ಹೊಗಳಿದವರ ಮೇಲಲ್ಲ, ಅವನ ಮೇಲೆ.

ಕಾನೂನನ್ನೂ ಇಲ್ಲಿ ನೆನೆಯಬೇಕು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ವಿಧಿಸಿದೆ. ಇದನ್ನು ಕಿರುಕುಳವೆಂದು ಎಣಿಸುವವರುಂಟು. ನಾವು ಹಾಗೆ ಎಣಿಸುವುದಿಲ್ಲ. ಎಂಜಿನ್ನಿನ ಬಲ ಹೆಚ್ಚಿದರೆ ಬ್ರೇಕಿನ ಹೊಣೆಯೂ ಹೆಚ್ಚುತ್ತದೆ. ರಸ್ತೆಯ ಮೇಲೆ ಇತರರ ಪ್ರಾಣವೂ ಇದೆ. ರಸ್ತೆಗಿಳಿಯುವ ವಾಹನದ ಮಾತು ಬೇರೆ, ಹೊಲದಲ್ಲಿ ಒಂದೆಡೆ ನಿಂತು ನೀರೆತ್ತುವ, ಕಾಳು ಬಡಿಯುವ ಯಂತ್ರದ ಮಾತು ಬೇರೆ. ಎರಡನೆಯ ಕ್ಷೇತ್ರವೇ ಈ ಫಲಕಕ್ಕೆ ಯೋಗ್ಯವಾದ ಕ್ಷೇತ್ರ. ಅಲ್ಲಿಯೂ ಅಳತೆಗೆ ವಿನಾಯಿತಿ ಇಲ್ಲ.

ಆದುದರಿಂದ ನಮ್ಮ ಸಲಹೆ ಇಷ್ಟು. ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಶಾಲೆಗೋ ಕೈಗಾರಿಕಾ ತರಬೇತಿ ಸಂಸ್ಥೆಗೋ ಸೇರಿದಂತೆ ಒಂದು ಅಳತೆಯ ಕೊಠಡಿ ಇರಲಿ. ಒಂದು ಸಮತಟ್ಟಾದ ಮೇಜು, ಒಂದೆರಡು ಡಯಲ್ ಗೇಜು, ವರ್ನಿಯರ್ ಕ್ಯಾಲಿಪರು, ಮೈಕ್ರೋಮೀಟರು ಇದ್ದರೆ ಆರಂಭಕ್ಕೆ ಸಾಕು. ಊರಿನ ಯಾವ ಮೇಸ್ತ್ರಿಯಾದರೂ ತನ್ನ ಕೆಲಸವನ್ನು ಅಲ್ಲಿಗೆ ತಂದು ಪರೀಕ್ಷಿಸಿಕೊಳ್ಳಲಿ. ವಿದ್ಯಾರ್ಥಿಗಳು ಪಕ್ಕದಲ್ಲಿ ನಿಂತು ಅಂಕಗಳನ್ನು ಬರೆದುಕೊಳ್ಳಲಿ. ಮಾಡಿದ ಪ್ರತಿಯೊಂದು ಫಲಕದ ನಕ್ಷೆಯೂ ಕನ್ನಡದ ವಿವರಣೆಯೊಡನೆ ಅಲ್ಲಿ ಉಳಿಯಲಿ. ಇಂದು ಒಬ್ಬ ಮೇಸ್ತ್ರಿಯ ಜ್ಞಾನವು ಅವನೊಡನೆಯೇ ಅಳಿಯುತ್ತಿದೆ. ಮುಂದಿನವನು ಅದೇ ತಪ್ಪಿನಿಂದ ಮತ್ತೆ ಮೊದಲುಮಾಡುತ್ತಾನೆ.

ಈ ಸೀಮೆಗೆ ಯಂತ್ರವಿದ್ಯೆ ಹೊಸದಲ್ಲ. ಅಜ್ಜಂಪುರದ ಮೂಲಕ ಹಾಯುವ ರೈಲು ಹಾದಿಯಲ್ಲಿಯೇ ಮುಂದೆ ಸಿಗುವ ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತುಗಳನ್ನು ಮಾಡಿ ನಾಡಿಗೆಲ್ಲ ಒದಗಿಸಿತು. ಆ ಕಾರ್ಖಾನೆ ಮುಚ್ಚಿಹೋಗಿದೆ. ಆದರೆ ಲೇತು ಕಲಿಸುವ ಪಾಠ ಮುಚ್ಚಿಹೋಗಬೇಕಾಗಿಲ್ಲ. ವಿದ್ಯಾರ್ಥಿಗಳು ವರ್ನಿಯರನ್ನು ವರ್ಷಕ್ಕೊಮ್ಮೆ ಪರೀಕ್ಷೆಯ ದಿನ ಮಾತ್ರ ಮುಟ್ಟುವುದನ್ನು ಬಿಟ್ಟು, ಊರಿನ ಗ್ಯಾರೇಜಿನಲ್ಲಿ ಬಿದ್ದಿರುವ ಒಂದು ಗೇರ್ ಪೆಟ್ಟಿಗೆಯ ಬೋಲ್ಟುವೃತ್ತವನ್ನು ಯಜಮಾನರ ಅಪ್ಪಣೆ ಪಡೆದು ಅಳೆಯಲಿ. ಮೂರು ಸಲ ಅಳೆದು ಮೂರು ಬೇರೆ ಉತ್ತರಗಳು ಬಂದಾಗ, ಅವುಗಳಲ್ಲಿ ಯಾವುದನ್ನು ನಂಬಿ ಲೋಹವನ್ನು ಕೊರೆಯಬೇಕೆಂಬ ಪ್ರಶ್ನೆ ಏಳುತ್ತದೆ. ವಿಜ್ಞಾನದ ನಿಜವಾದ ಪಾಠ ಆ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.