ತಡೆ ಅಶ್ಲೀಲಕ್ಕೆ, ನಷ್ಟ ಶೃಂಗಾರಕ್ಕೆ

ಅಶ್ಲೀಲ ದೃಶ್ಯಗಳ ಕಾರಣಕ್ಕೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು 2024ರ ಮಾರ್ಚ್‌ನಲ್ಲಿ 18 ಒಟಿಟಿ ವೇದಿಕೆಗಳನ್ನು ನಿರ್ಬಂಧಿಸಿತು. 2025ರ ಜುಲೈನಲ್ಲಿ ಮತ್ತೆ 25 ಆ್ಯಪ್ ಹಾಗೂ ಜಾಲತಾಣಗಳ ಸರದಿ ಬಂದಿತು. ಆದರೆ ಶೃಂಗಾರವನ್ನು ಕಲೆಯಾಗಿ ಕಾಣುವ ಚಿತ್ರಗಳಿಗೆ ಯಾವ ಬಾಗಿಲು ತೆರೆದಿದೆ? ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಂತಹ ತಾಲ್ಲೂಕು ಕೇಂದ್ರಗಳಲ್ಲಿ ನಿಂತು ಕೇಳಿದರೆ ಈ ಪ್ರಶ್ನೆಗೆ ಉತ್ತರ ನಿರಾಶಾದಾಯಕ.

ಇಂತಹ ಚಿತ್ರಗಳು ನಮ್ಮಲ್ಲಿ ಇಲ್ಲವೆಂದಲ್ಲ. ಜರ್ಮನಿಯ ನಿರ್ಮಾಪಕಿ ರೆಜಿನಾ ಝೀಗ್ಲರ್ ಅವರ ಶೃಂಗಾರ ಕಿರುಚಿತ್ರ ಮಾಲಿಕೆಗಾಗಿ ಮಣಿ ಕೌಲ್ 1994ರಲ್ಲಿ 'ದಿ ಕ್ಲೌಡ್ ಡೋರ್' ನಿರ್ದೇಶಿಸಿದರು. ಭಾಸನ 'ಅವಿಮಾರಕ' ಮತ್ತು ಜಾಯಸಿಯ 'ಪದ್ಮಾವತ್' ಅದಕ್ಕೆ ಆಧಾರ. ಅಲ್ಲಿ ಕಥೆ ನೆಪಮಾತ್ರ. ಬಣ್ಣ, ಬೆಳಕು, ಮಾತನಾಡುವ ಗಿಳಿಯೇ ಬಯಕೆಯ ಭಾಷೆ. ಕನ್ನಡ ಚಿತ್ರರಂಗ ಕಥೆಯನ್ನು ಅಷ್ಟು ದೂರ ಬಿಟ್ಟುಕೊಟ್ಟಿಲ್ಲ. ಆದರೂ ಕಾರ್ನಾಡರ ನಾಟಕವನ್ನು ಆಧರಿಸಿದ ನಾಗಾಭರಣರ 'ನಾಗಮಂಡಲ' (1997), ಗಂಡನ ರೂಪ ತಾಳಿ ಇರುಳಲ್ಲಿ ಬರುವ ನಾಗನ ಮೂಲಕ ಹೆಣ್ಣಿನ ಬಯಕೆಯನ್ನು ರೂಪಕವಾಗಿಸಿತು. ವಿಧವೆಯ ದೇಹದ ಹಂಬಲವನ್ನು ನೇರವಾಗಿ ಎತ್ತಿಕೊಂಡ ಮಂಸೋರೆ ಅವರ 'ನಾತಿಚರಾಮಿ' (2018), 66ನೇ ರಾಷ್ಟ್ರ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವಾಗಿ ಆಯ್ಕೆಯಾಯಿತು.

ಗ್ರಾಮೀಣ ಪ್ರೇಕ್ಷಕರು ಇದನ್ನು ಒಪ್ಪಲಾರರು ಎಂಬ ವಾದ ಹಳೆಯದು, ಆದರೆ ಹುರುಳಿಲ್ಲದ್ದು. ಆಳಂದ, ಅಫಜಲಪುರ ತಾಲ್ಲೂಕುಗಳು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಗೆ ಅಂಟಿಕೊಂಡಿವೆ. ಗಡಿಯ ಆಚೆ ಲಾವಣಿ, ತಮಾಷಾ. ಈಚೆ ಉತ್ತರ ಕರ್ನಾಟಕದ ಸಣ್ಣಾಟ. ಶೃಂಗಾರವನ್ನು ಬಯಲಿನಲ್ಲಿ, ಊರೆಲ್ಲ ಕೂತು ನೋಡಿದ ಪರಂಪರೆ ಇದು.

ಅಡಚಣೆ ಇರುವುದು ವ್ಯವಸ್ಥೆಯಲ್ಲಿ. ಚಿತ್ರೋತ್ಸವಗಳಲ್ಲಿ ಪ್ರಮಾಣಪತ್ರವಿಲ್ಲದ ಚಿತ್ರಗಳನ್ನೂ ತೋರಿಸಲು ಕೇಂದ್ರ ವಿನಾಯಿತಿ ನೀಡುತ್ತದೆ. ಆದರೆ ರಾಜ್ಯದ ಅಂತರರಾಷ್ಟ್ರೀಯ ಉತ್ಸವ ನಡೆಯುವುದು ಸುಮಾರು 600 ಕಿ.ಮೀ. ದೂರದ ಬೆಂಗಳೂರಿನಲ್ಲಿ. ರಾಜಧಾನಿಯ ಪ್ರೇಕ್ಷಕ ಪ್ರೌಢ, ಜೇವರ್ಗಿಯ ಪ್ರೇಕ್ಷಕ ಅಪ್ರೌಢ ಎಂಬುದು ಇದರ ಅಘೋಷಿತ ತೀರ್ಪು. ಉಳಿದದ್ದು ಕೈಯಲ್ಲಿರುವ ಮೊಬೈಲ್. ಅಲ್ಲಿ ಒಂದು ಆ್ಯಪ್ ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುತ್ತದೆ. ನಿಷೇಧದಿಂದ ಅಭಿರುಚಿ ಬೆಳೆಯದು.

ಕನ್ನಡ ಚಿತ್ರಗಳಿಗೆ ಸರ್ಕಾರಿ ಒಟಿಟಿ ವೇದಿಕೆ ರೂಪಿಸುವುದಾಗಿ ರಾಜ್ಯದ 2025-26ರ ಬಜೆಟ್ ಪ್ರಕಟಿಸಿತು. ವಯಸ್ಸನ್ನು ದೃಢಪಡಿಸಿಕೊಂಡು ವಯಸ್ಕರ ಚಿತ್ರ ತೋರಿಸಲು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲಿಯೇ ಅವಕಾಶವಿದೆ. ಆ ವೇದಿಕೆಯಲ್ಲಿ ಇಂತಹ ಪ್ರಯೋಗಗಳಿಗೂ ಒಂದು ಮೂಲೆ ಸಿಗಬೇಕು. ಲೈಂಗಿಕತೆ ಮತ್ತು ಅಶ್ಲೀಲತೆ ಸದಾ ಒಂದೇ ಅಲ್ಲವೆಂದು ಸುಪ್ರೀಂ ಕೋರ್ಟ್ ಕೆ.ಎ.ಅಬ್ಬಾಸ್ ಪ್ರಕರಣದಲ್ಲಿ 1970ರಲ್ಲಿಯೇ ಹೇಳಿದೆ. ಆ ವ್ಯತ್ಯಾಸವನ್ನು ಕಂಡುಕೊಳ್ಳುವ ಅವಕಾಶ ಭೀಮಾ ತೀರದ ಪ್ರೇಕ್ಷಕನಿಗೂ ಸಲ್ಲಬೇಕು.