ಬಿಸಿಲಿನ ಕೈಗೆ ಔಷಧಿಯ ಕೊಳೆ

ಬಿಸಿಲಿಗೆ ನಿಂತ ಹಳೆಯ ಬಿಳಿ ಪೇಂಟಿನ ಬಾಗಿಲನ್ನು ಮುಟ್ಟಿದರೆ ಕೈಗೆ ಪುಡಿ ಹತ್ತುವುದನ್ನು ತಾವು ನೋಡಿರಬಹುದು. ಪೇಂಟಿಗೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್ ಬಿಸಿಲು ತಾಗಿದಾಗ ತನ್ನನ್ನು ಹಿಡಿದಿಟ್ಟ ಅಂಟನ್ನೇ ಒಡೆಯುತ್ತದೆ, ತಾನು ಹಾಗೆಯೇ ಉಳಿಯುತ್ತದೆ. ಇದೇ ಬೆಳಕಿನ ಕ್ರಿಯಾವರ್ಧಕ. ಬೆಳಕು ಬಿದ್ದಾಗ ಇದು ನೀರನ್ನೂ ಒಡೆಯುವುದನ್ನು ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ಜಗತ್ತಿಗೆ ತಿಳಿಸಿದರು. (ಅನೇಕ ಗುಳಿಗೆಗಳ ಬಿಳಿ ಲೇಪವೂ ಇದೇ ಪುಡಿಯದು!)

ಗುಳಿಗೆ ಎಂದಾಗ ನೆನಪಾಯಿತು. ಸಿಪ್ರೊಫ್ಲಾಕ್ಸಸಿನ್ ನುಂಗಿದರೆ ಹತ್ತಿರ ಹತ್ತಿರ ಅರ್ಧ ಪಾಲು ಬದಲಾಗದೆ ಮೂತ್ರದಲ್ಲಿ ಹೊರಬೀಳುತ್ತದೆ. ಕೊಳಚೆ ಶುದ್ಧೀಕರಣ ಘಟಕದಲ್ಲಿ ಕೆಲಸ ಮಾಡುವವು ಸೂಕ್ಷ್ಮಜೀವಿಗಳು. ತಮ್ಮಂಥವರನ್ನು ಕೊಲ್ಲಲೆಂದೇ ಮಾಡಿದ ಔಷಧಿಯನ್ನು ಅವು ಹೇಗೆ ತಿಂದಾವು? ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ನೀರನ್ನು ಶುದ್ಧೀಕರಿಸಿ ಹೊರಬಿಟ್ಟ ಮೇಲೂ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇದ್ದುದನ್ನು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಗುಳಿಗೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟಿರದು. ಅಂಥ ನೀರಿನಲ್ಲಿ ಪಳಗಿದ ರೋಗಾಣುವಿಗೆ ನಾಳೆ ಯಾವ ಮದ್ದು?

ಈ ನೀರಿಗೆ ಟೈಟಾನಿಯಂ ಡೈಆಕ್ಸೈಡ್ ಪುಡಿ ಬೆರೆಸಿ ಬೆಳಕು ಹಾಯಿಸಿದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಹುಟ್ಟಿ ಔಷಧದ ಅಣುಗಳನ್ನು ಚೂರು ಮಾಡುತ್ತವೆ. ಸಾಕಷ್ಟು ಹೊತ್ತು ಬಿಟ್ಟರೆ ಕೊನೆಗೆ ಉಳಿಯುವುದು ನೀರು, ಇಂಗಾಲದ ಡೈಆಕ್ಸೈಡ್, ಒಂದಿಷ್ಟು ಲವಣ. ಅರ್ಧಕ್ಕೆ ನಿಲ್ಲಿಸಿದರೆ ಚೂರುಗಳೇ ಕಾಟ ಕೊಡಬಹುದು.

ತೊಡಕೂ ಇದೆ. ಇದಕ್ಕೆ ಬೇಕಾದದ್ದು ನೇರಳಾತೀತ ಕಿರಣ. ನಮ್ಮ ಹುಕ್ಕೇರಿಯ ಏಪ್ರಿಲ್ ಬಿಸಿಲಿನಲ್ಲೂ ಅದು ನೂರಕ್ಕೆ ಐದರಷ್ಟೇ. ನುಣ್ಣನೆಯ ಪುಡಿಯನ್ನು ನೀರಿನಿಂದ ಮರಳಿ ಸೋಸುವುದೂ ಸುಲಭವಲ್ಲ. ಅದಕ್ಕೇ ಗಾಜಿನ ಮಣಿಗಳಿಗೆ ಲೇಪಿಸಿ ನೋಡುತ್ತಾರೆ. ರಾಡಿ ನೀರಿನೊಳಗಂತೂ ಬೆಳಕೇ ಇಳಿಯದು. ಹೀಗಾಗಿ ಇಡೀ ಊರಿನ ಚರಂಡಿಗೆ ಇದು ಸದ್ಯ ಆಗದ ಮಾತು. ಆಸ್ಪತ್ರೆಯ, ಔಷಧ ಕಾರ್ಖಾನೆಯ ನೀರನ್ನು ಮೊದಲು ತಿಳಿಗೊಳಿಸಿ, ಅಲ್ಲಿಯೇ ಬೆಳಕಿಗೆ ಒಡ್ಡಬೇಕು. ಘಟಪ್ರಭೆಗೆ ಬೆರೆತ ಮೇಲೆ ಹಿಡಿಯುವವರಾರು?